ಅಪ್ಪನಿಗೂ ಒಂದು ಪ್ರಮಾಣಪತ್ರ

ಗಂಗಕ್ಕಾ,

ನೀನು ತೀರಿಕೊಂಡ ಎರಡು ತಿಂಗಳಿಗೆ ನಿನ್ನ ಹೆಸರಿಗೊಂದು ಸರ್ಕಾರಿ ಟಪಾಲು ಬಂತು. ಧಾರವಾಡದಲ್ಲಿ ಪ್ರಾಯಕ್ಕೆ ಬಂದ ಆಟಿಸಂ ಮಕ್ಕಳಿಗಾಗಿ ಹಗಲು ಆರೈಕೆ ಕೇಂದ್ರವೊಂದು ಆಗುತ್ತದೆಂದು ಕೇಳಿ ನಾವಿಬ್ಬರೂ ಒಂದೇ ದಿನ ಅರ್ಜಿ ಹಾಕಿದ್ದೆವಲ್ಲ, ನೀನು ನಿನ್ನ ಮಲ್ಲುಗೆ, ನಾನು ನನ್ನ ಪಲ್ಲವಿಗೆ? ಅದಕ್ಕೆ ನಾಲ್ಕು ವರ್ಷದ ಮೇಲೆ ಬಂದ ಉತ್ತರ ಅದು. 'ತಮ್ಮ ಮಗನಿಗೆ ಸ್ಥಾನ ಲಭ್ಯವಿದ್ದು, ತಾವು ಮೂವತ್ತು ದಿನಗಳೊಳಗೆ ದಾಖಲೆಗಳೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು.' ಖುದ್ದಾಗಿ! ಎಲ್ಲಿಂದ ಹಾಜರಾಗುತ್ತೀ ನೀನು? ನಿಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅದನ್ನು ಮೂರು ಸಲ ಓದಿದೆ. ಮೊದಲು ನಗು ಬಂತು, ಆಮೇಲೆ ಅಳು. ಕೊನೆಗೆ ಬಂದದ್ದನ್ನು ನಿನ್ನ ಹತ್ತಿರ ಮುಚ್ಚಿಡುವುದೇನು, ಹೊಟ್ಟೆಕಿಚ್ಚು. ಪಲ್ಲವಿಯ ಹೆಸರಿಗೆ ಏನೂ ಬಂದಿರಲಿಲ್ಲ.

ವಿದ್ಯಾನಗರದ ಆ ವಿಶೇಷ ಶಾಲೆಯ ಗೇಟಿನ ಮುಂದೆ ನಿನ್ನನ್ನು ಮೊದಲ ಸಲ ನೋಡಿದ್ದು. ಡಾಕ್ಟರು ಆಟಿಸಂ ಎಂಬ ಪದ ಹೇಳಿ ನನಗಿನ್ನೂ ತಿಂಗಳಾಗಿರಲಿಲ್ಲ. ಎಂಟು ವರ್ಷದ ಮಲ್ಲು ರಸ್ತೆಯ ನಡುವೆ ಮಲಗಿಬಿಟ್ಟಿದ್ದ, ಆಟೋದವನು ದಿನದ ಓಣಿ ಬಿಟ್ಟು ಬೇರೆ ಓಣಿಯಿಂದ ಬಂದನೆಂದು. ಜನ ಸೇರಿದ್ದರು. ಬೆತ್ತ ತೋರಿಸಬೇಕು ಅಂದವರೊಬ್ಬರು, ಗಾಳಿ ಬಡಿದದ್ದು ಅಂದವರೊಬ್ಬರು. ನೀನು ಇಸ್ತ್ರಿ ಮಾಡಿದ ಇಳಕಲ್ ಸೀರೆಯಲ್ಲೇ ಅವನ ಪಕ್ಕ ಡಾಂಬರಿನ ಮೇಲೆ ಕೂತುಬಿಟ್ಟೆ. "ತಮಾಷಾ ನಡದಿಲ್ರಿ ಇಲ್ಲೆ. ನಿಮ್ಮ ನಿಮ್ಮ ಕೆಲಸಕ್ಕ ಹೋಗ್ರಿ" ಅಂದೆ. ಆರು ವರ್ಷದ ಪಲ್ಲವಿಯ ಕೈ ಹಿಡಿದು ಅಳುತ್ತ ನಿಂತಿದ್ದ ನನ್ನನ್ನು ನೋಡಿ, "ನೀ ಯಾಕ ಅಳಾಕತ್ತಿ? ಬಾ ಇಲ್ಲೆ, ನೆರಳು ಮಾಡು ಇವಂಗ" ಅಂದೆ. ನಾನು ಛತ್ರಿ ಬಿಚ್ಚಿದೆ. ನಮ್ಮ ಗೆಳೆತನ ಹಾಗೆ ಶುರುವಾಯಿತು.

ಮಲ್ಲುಗೆ ಹದಿನೆಂಟು ತುಂಬಿದಾಗ ಶಾಲೆಯವರು ಒಂದು ಹಾರ ಹಾಕಿ, ಪೇಢೆ ತಿನ್ನಿಸಿ ಕಳಿಸಿಕೊಟ್ಟರು. ಆಮೇಲೆ ಎಷ್ಟು ತಿಂಗಳು ಅವನು ದಿನಾ ಬೆಳಿಗ್ಗೆ ಯೂನಿಫಾರ್ಮ್ ತೊಟ್ಟು ಬಾಗಿಲಲ್ಲಿ ನಿಂತ, ಗಂಗಕ್ಕಾ? ನೀನು ಯೂನಿಫಾರ್ಮ್ ಬಚ್ಚಿಟ್ಟರೆ ಚೀಲವನ್ನಾದರೂ ಹೆಗಲಿಗೇರಿಸಿ ನಿಲ್ಲುತ್ತಿದ್ದ. ಮುಂದೇನು ಅಂತ ನಾವು ಕಚೇರಿ ಕಚೇರಿ ಅಲೆದೆವು. "ಹದಿನೆಂಟರ ತನಕ ಮಕ್ಕಳ ಇಲಾಖೆ ನೋಡ್ತೈತ್ರಿ" ಅಂದರು. ಅದರ ಮೇಲೆ? "ಮ್ಯಾಲಿನದು ಬ್ಯಾರೇ ಕಡೆ ಕೇಳ್ರಿ." ಆ ಬೇರೆ ಕಡೆಯವರು ಮತ್ತೆ ಮೊದಲಿನ ಕಡೆಗೇ ಕೈ ತೋರಿಸಿದರು. ಹದಿನೆಂಟನೆಯ ಹುಟ್ಟುಹಬ್ಬದ ಮರುದಿನ ಆಟಿಸಂ ವಾಸಿಯಾಗುತ್ತದೆಂದು ಯಾರಾದರೂ ಆದೇಶ ಹೊರಡಿಸಿದ್ದಾರೆಯೇ? ಎರಡು ವರ್ಷದ ಮೇಲೆ ಪಲ್ಲವಿಯದೂ ಅದೇ ಕಥೆ. ಅಷ್ಟರಲ್ಲಿ ನನಗೆ ರೂಢಿಯಾಗಿತ್ತು. ರೂಢಿಯಾಯಿತಲ್ಲ ಎಂಬುದಕ್ಕೇ ಈಗ ಸಿಟ್ಟು ಬರುತ್ತದೆ.

ನೀನು ಹೋದ ಮೂರನೆಯ ದಿನ ನಿಮ್ಮ ಯಜಮಾನರ ಫೋನು ಬಂತು. ಹತ್ತಿ ವ್ಯಾಪಾರದ ಈರಪ್ಪ ಸಾವ್ಕಾರರು ನನಗೆ ಫೋನು ಮಾಡಿದ್ದು ಇಪ್ಪತ್ತು ವರ್ಷದಲ್ಲಿ ಅದೇ ಮೊದಲು. "ರೇಣುಕಾ ಅವರ, ಮಲ್ಲು ನಿನ್ನೆಯಿಂದ ಊಟಾನ ಮಾಡವಲ್ಲ. ಅವಂದು ತಾಟು ಯಾವುದ್ರಿ?" ಇಪ್ಪತ್ತೆಂಟು ವರ್ಷದ ಮಗ ಯಾವ ತಾಟಿನಲ್ಲಿ ಉಣ್ಣುತ್ತಾನೆಂದು ಅಪ್ಪನಿಗೆ ಗೊತ್ತಿಲ್ಲ! "ಮೂರು ಭಾಗ ಇರೋ ಸ್ಟೀಲಿನ ತಾಟ್ರಿ. ಸಾರು ಅನ್ನಕ್ಕ ತಾಗಬಾರದು. ರೊಟ್ಟಿ ಮುರದು ಕೊಡಬ್ಯಾಡ್ರಿ, ಇಡೀದ ಕೊಡ್ರಿ" ಅಂದೆ. ಅವರು ಬರೆದುಕೊಳ್ಳುತ್ತಿದ್ದದ್ದು ಕೇಳಿಸಿತು. ಫೋನು ಇಟ್ಟ ಮೇಲೆ ನಿನ್ನ ಮೇಲೂ ಸಿಟ್ಟು ಬಂತು. ಎಲ್ಲವನ್ನೂ ಒಬ್ಬಳೇ ಮಾಡಿದೆ ಯಾಕೆ? ಶಾಲೆಗೆ ಅವರನ್ನು ಒಂದು ದಿನವೂ ಕರೆದುಕೊಂಡು ಬರಲಿಲ್ಲ ಯಾಕೆ? "ಅವರಿಗೆ ವ್ಯಾಪಾರದ ತ್ರಾಸು ಭಾಳ ಐತಿ" ಅನ್ನುತ್ತಿದ್ದೆ. ನಿನಗಿದ್ದದ್ದು ತ್ರಾಸಲ್ಲವೇ...

ಆ ಟಪಾಲು ಹಿಡಿದು ಸಾವ್ಕಾರರ ಜೊತೆ ಕೇಂದ್ರಕ್ಕೆ ಹೋದೆ. ಅಲ್ಲಿನ ಮೇಲ್ವಿಚಾರಕಿ ಒಳ್ಳೆಯ ಹೆಣ್ಣುಮಗಳು, ದಣಿದ ಮುಖ. ಎರಡು ಕಾಗದ ಬೇಕು ಅಂದಳು. ಒಂದು, ಮಲ್ಲುವಿನ ಅಂಗವಿಕಲತೆಯ ಪ್ರಮಾಣಪತ್ರ. ಇದ್ದದ್ದರ ಅವಧಿ ಮುಗಿದಿತ್ತು. ಇನ್ನೊಂದು, ಕಾನೂನುಬದ್ಧ ಪೋಷಕರು ಯಾರೆಂಬ ಪ್ರಮಾಣಪತ್ರ. ಅದು ನಿನ್ನೊಬ್ಬಳ ಹೆಸರಿಗಿತ್ತು, ನಿನ್ನ ಜೊತೆಗೇ ಹೋಯಿತು. ಸಾವ್ಕಾರರಿಗೆ ಇದು ತಲೆಗೆ ಹೋಗಲೇ ಇಲ್ಲ. "ನಾ ಅವನ ಅಪ್ಪ ಅದೇನ್ರಿ. ಹಡದ ಅಪ್ಪಗೂ ಸರ್ಟಿಫಿಕೇಟ ಬೇಕೇನ್ರಿ?" ಅಂದರು. "ಹದಿನೆಂಟು ದಾಟಿದ ಮ್ಯಾಲೆ ಬೇಕ್ರಿ ಅಪ್ಪಾರ. ಕಾನೂನಿನ ಪ್ರಕಾರ ಅಂವ ಸ್ವತಂತ್ರ ಮನಷ್ಯಾ" ಅಂದಳು ಆಕೆ. ಅವರು ಕೂತ ಕುರ್ಚಿಯಲ್ಲೇ ಕುಗ್ಗಿದರು. ನನಗೆ ಆ ಹೊತ್ತಿನಲ್ಲಿ ಮರುಕ ಬರಬೇಕಿತ್ತು. ಬರಲಿಲ್ಲ. ಸರ್ಟಿಫಿಕೇಟಿಲ್ಲದೆ ಅಪ್ಪನಾಗಿರಲು ನಿಮಗೆ ಇಪ್ಪತ್ತೆಂಟು ವರ್ಷ ಸಿಕ್ಕಿತ್ತಲ್ಲ ಸಾವ್ಕಾರ್ರೇ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ವೈದ್ಯರ ಮಂಡಳಿಯ ಮುಂದೆ ಹೋದ ದಿನವನ್ನು ನೀನು ನೋಡಬೇಕಿತ್ತು. ಮೊದಲ ಸಲ ಕಾಗದ ಮಾತ್ರ ಒಯ್ದಾಗ, "ಪೇಷಂಟ್ ಇಲ್ದ ಹೆಂಗ್ರಿ? ಕರಕೊಂಡ ಬರ್ರಿ" ಅಂದಿದ್ದ ಅಲ್ಲಿನ ಗುಮಾಸ್ತ. ಕರೆದುಕೊಂಡು ಹೋದೆವು. ಕಾಯುವ ಕೋಣೆಯಲ್ಲಿ ಫ್ಯಾನು ಕಿರ್ರೆನ್ನುತ್ತಿತ್ತು. ಮೂರು ತಾಸು. ಮಲ್ಲು ಕಿವಿ ಮುಚ್ಚಿಕೊಂಡು ಕೂಗತೊಡಗಿದ. ಅದೇ ಗುಮಾಸ್ತ ಹೊರಗೆ ಬಂದು, "ಇಂಥಾವರನ್ನ ಯಾಕ ಕರಕೊಂಡ ಬರ್ತೀರಿ? ಕಾಗದ ಕೊಟ್ಟಿದ್ರ ಆಗ್ತಿತ್ತಲ್ಲ" ಅಂದ! ಫ್ಯಾನು ಬಂದ್ ಮಾಡ್ರಿ ಅಂದರೆ ಬೇರೆಯವರಿಗೆ ಸೆಕೆಯಾಗುತ್ತದಂತೆ. ಆಮೇಲೆ ಬೆರಳಚ್ಚಿನ ಯಂತ್ರದ ಸರದಿ. ಬೆರಳು ಮುಟ್ಟಲು ಅವನು ಬಿಡುವುದಿಲ್ಲ. ಹಾಗಾದರೆ ಕಣ್ಣು ತೋರಿಸಲಿ ಅಂದರು. ಇಪ್ಪತ್ತೆಂಟು ವರ್ಷದಲ್ಲಿ ನಿನ್ನ ಕಣ್ಣನ್ನೇ ನೆಟ್ಟಗೆ ನೋಡದವನು ಆ ಡಬ್ಬಿಯ ಕಣ್ಣನ್ನು ನೋಡುತ್ತಾನೆಯೇ? "ಸ್ವಲ್ಪ ಕೋಆಪರೇಟ್ ಮಾಡಾಕ ಹೇಳ್ರಿ" ಅಂದಳು ಯಂತ್ರದ ಹುಡುಗಿ. ಹೇಳಿದರೆ ಕೇಳುವ ಹಾಗಿದ್ದರೆ ನಾವು ಆ ಸಾಲಿನಲ್ಲಿ ಯಾಕೆ ನಿಂತಿರುತ್ತಿದ್ದೆವು?

ನಾಲ್ಕನೆಯ ಸಲ ಹೋಗಿ ಪ್ರಮಾಣಪತ್ರ ಕೈಗೆ ಬಂದಾಗ ಸಾವ್ಕಾರರು ಕನ್ನಡಕ ಏರಿಸಿ ಓದಿದರು. ಹಳೆಯದರಲ್ಲಿ ಬುದ್ಧಿಮಾಂದ್ಯ ಎಂದಿದ್ದದ್ದು ಈಗ ಆಟಿಸಂ ಎಂದಾಗಿತ್ತು, ಅಷ್ಟು ಸುಧಾರಣೆ. ಆದರೆ ಕೆಳಗೆ 'ತಾತ್ಕಾಲಿಕ, ಐದು ವರ್ಷ' ಎಂದಿತ್ತು. "ಇದೇನ್ರಿ ತಾತ್ಕಾಲಿಕ?" ಅಂತ ಕೇಳಿದರು. "ಐದು ವರ್ಷದಾಗ ಆರಾಮ ಆಗಬಹುದಲ್ರಿ" ಅಂದ ಗುಮಾಸ್ತ, ಸಮಾಧಾನ ಹೇಳುವವನ ಹಾಗೆ. ಸಾವ್ಕಾರರು ಕನ್ನಡಕ ತೆಗೆದರು. "ನನಗ ಅರವತ್ತೇಳ್ರಿ ತಮ್ಮಾ. ಐದು ವರ್ಷಕ್ಕ ನಾ ಎಲ್ಲಿರ್ತೇನಿ ಗೊತ್ತಿಲ್ಲ. ಅಂವ ಮಾತ್ರ ಹಿಂಗ ಇರ್ತಾನ. ಇದನ್ನ ನಾ ಬರದ ಕೊಡ್ಲೇನು?" ಅವರ ಬಾಯಲ್ಲಿ ಮಗನ ಬಗ್ಗೆ ಅಷ್ಟು ಉದ್ದದ ಮಾತು ನಾನು ಕೇಳಿದ್ದು ಅದೇ ಮೊದಲು. ತಾತ್ಕಾಲಿಕವೇನೋ ತಾತ್ಕಾಲಿಕವಾಗಿಯೇ ಉಳಿಯಿತು.

ಪೋಷಕತ್ವದ ಸಮಿತಿಯದು ಇನ್ನೊಂದು ಪುರಾಣ. ಸಭೆ ಮೂರು ಸಲ ಮುಂದೆ ಹೋಯಿತು. ಒಮ್ಮೆ ಅಧಿಕಾರಿ ಚುನಾವಣೆಯ ಕೆಲಸಕ್ಕೆ, ಒಮ್ಮೆ ಮಂತ್ರಿಗಳ ಭೇಟಿಗೆ. ಇನ್ನೊಮ್ಮೆ ನಮಗೆ ಕೊಟ್ಟ ತಾರೀಖೇ ಎರಡನೆಯ ಶನಿವಾರ. ಧಾರವಾಡಕ್ಕೆ ಹೋಗಿ ಬೀಗ ನೋಡಿಕೊಂಡು ಬಂದೆವು. ಮೂವತ್ತು ದಿನ ಎಂದೋ ಮುಗಿದಿತ್ತು. ಕೇಂದ್ರದ ಆ ಮೇಲ್ವಿಚಾರಕಿ ಮಲ್ಲುವಿನ ಹೆಸರಿನ ಮುಂದೆ 'ಪರಿಶೀಲನೆಯಲ್ಲಿದೆ' ಎಂದು ತಾನೇ ಬರೆದು, ಯಾರಿಗೂ ಹೇಳದೆ ಜಾಗ ಹಿಡಿದಿಟ್ಟಳು. ಸರ್ಕಾರದಲ್ಲಿ ನಮಗೆ ಸಿಕ್ಕ ದೊಡ್ಡ ಸೌಲಭ್ಯ ಆಕೆಯೇ. "ಇನ್ನ ಭಾಳ ದಿನ ಆಗೂದಿಲ್ರಿ ಅಕ್ಕಾರ, ಮ್ಯಾಲಿನವರು ಕೇಳಾಕತ್ತಾರ" ಅಂತ ಕಡೆಗೆ ನನಗೆ ಫೋನು ಮಾಡಿದಳು.

ನಾನು ಅದನ್ನು ಹೇಳಿದ ಮರುದಿನವೇ ಸಾವ್ಕಾರರು ಅಂಗಡಿಯನ್ನು ಅಲ್ಲಿನ ಕೆಲಸದವರಿಗೆ ಒಪ್ಪಿಸಿ, ಬುತ್ತಿ ಕಟ್ಟಿಕೊಂಡು, ಮಲ್ಲುವನ್ನು ಚಿಗರಿ ಬಸ್ಸು ಹತ್ತಿಸಿಕೊಂಡು ಧಾರವಾಡಕ್ಕೆ ಹೊರಟರು. ಸಮಿತಿಯ ಕಚೇರಿಯ ಬೆಂಚಿನ ಮೇಲೆ ದಿನಾ ಹತ್ತರಿಂದ ಐದರವರೆಗೆ ಅಪ್ಪ, ಮಗ. ಜಗಳವಿಲ್ಲ, ಕೂಗಾಟವಿಲ್ಲ. ಕೇಳಿದವರಿಗೆ, "ನಮ್ಮ ಫೈಲು ಒಳಗ ಐತ್ರಿ. ಅದು ಹೊರಗ ಬರೂತನಕ ಅದರ ಜೋಡಿ ಇರಾಕ ಬಂದೇವ್ರಿ" ಅನ್ನುತ್ತಿದ್ದರಂತೆ. ಮಲ್ಲು ಒಂದು ದಿನ ಗೋಡೆಯ ಮೇಲಿನ ಎಲ್ಲ ನೋಟೀಸುಗಳನ್ನು ಕಿತ್ತು, ಉದ್ದದ ಪ್ರಕಾರ ಮತ್ತೆ ಅಂಟಿಸಿದ. ಇನ್ನೊಂದು ದಿನ ಒಳಗೆ ಹೋಗಿ ಸಾಹೇಬರ ಮೇಜಿನ ಫೈಲುಗಳ ಅಂಚನ್ನೆಲ್ಲ ಸರಿಮಾಡಿ ಬಂದ. ಒಂಬತ್ತನೆಯ ದಿನ ಸಭೆಯ ತಾರೀಖು ಬಂತು. ಕಾಲೇಜು ಲೈಬ್ರರಿಯ ಕೆಲಸಕ್ಕೆ ರಜೆ ಹಾಕಿ ನಾನೂ ಹೋದೆ, ಸಾಕ್ಷಿಯೆಂದು.

ಸಮಿತಿಯ ಅಧಿಕಾರಿ ಹೆಂಗಸು. ಕಾಗದ ನೋಡುವ ಮೊದಲು, "ಮಲ್ಲಿಕಾರ್ಜುನಗ ಏನ ಸೇರ್ತದ, ಏನ ಸೇರೂದಿಲ್ಲ, ಹೇಳ್ರಿ" ಅಂತ ಸಾವ್ಕಾರರನ್ನು ಕೇಳಿದರು. ಅವರು ಜೇಬಿನಿಂದ ಯಾವ ಚೀಟಿಯನ್ನೂ ತೆಗೆಯಲಿಲ್ಲ. "ಫ್ಯಾನಿನ ಸಪ್ಪಳ ಸೇರೂದಿಲ್ರಿ. ಹೊಸಾ ಅಂಗಿ ಚುಚ್ಚತೈತಿ, ಹತ್ತು ಸರೆ ಒಗದ ಮ್ಯಾಲೆ ಹಾಕೋತಾನ. ಬಟಾಟಿ ಪಲ್ಯಾ ಭಾಳ ಸೇರ್ತೈತಿ. ಹೇಳಿದ ವ್ಯಾಳ್ಯಾಕ್ಕ ಮನಿಗೆ ಹೋಗ್ಲಿಲ್ಲಂದ್ರ ಎದಿ ಬಡಕೋತಾನ, ಅದಕ್ಕ ನಾ ಈಗ ಹೇಳಿದ ವ್ಯಾಳ್ಯಾಕ್ಕ ಹೋಗ್ತೇನಿ. ಅವ್ವನ ಸೀರಿ ಹಾಸ್ಕೊಂಡು ಮಲಗ್ತಾನ." ನಾನು ಕಿಟಕಿಯ ಕಡೆ ತಿರುಗಿದೆ. ಅಧಿಕಾರಿ ಎಲ್ಲ ಬರೆದುಕೊಂಡು, ಕೊನೆಗೆ, "ನಿಮ್ಮ ನಂತರ ಯಾರ್ರಿ?" ಅಂದರು. ನಾನು, ನೀನು ಒಬ್ಬರಿಗೊಬ್ಬರು ಎಂದೂ ಕೇಳಿಕೊಳ್ಳದಿದ್ದ ಪ್ರಶ್ನೆ ಅದು. ಸಾವ್ಕಾರರು ತಲೆ ಎತ್ತಿದರು. "ಅದನ್ನ ನೀವ ಹೇಳಬೇಕ್ರಿ ಮೇಡಂ. ಅದನ್ನ ಕೇಳಾಕ ಬಂದೇವಲ್ಲ ನಾವು, ಸರ್ಕಾರದ ಮುಂದ." ಆಕೆ ಪೆನ್ನು ಕೆಳಗಿಟ್ಟರು. ಆಮೇಲೆ ಅದನ್ನೇ ಎತ್ತಿಕೊಂಡು ಸಹಿ ಹಾಕಿಕೊಟ್ಟರು.

ಮಲ್ಲು ಕೇಂದ್ರಕ್ಕೆ ಹೋಗತೊಡಗಿ ನಾಲ್ಕು ತಿಂಗಳಾಯಿತು. ಕೇಂದ್ರ ಅಂದರೆ ಏನಂದುಕೊಂಡೆ? ವಾರಕ್ಕೆ ಮೂರು ದಿನ, ಹತ್ತರಿಂದ ಒಂದು. ಹದಿನಾಲ್ಕು ಮಂದಿಗೆ ಒಬ್ಬಳು ಶಿಕ್ಷಕಿ. ವ್ಯಾನು ಮಂಜೂರಾಗಿದೆಯಂತೆ, ಚಾಲಕ ಮಂಜೂರಾಗಿಲ್ಲವಂತೆ. ಇಷ್ಟಕ್ಕಾಗಿಯೇ ನಾವು ಇಷ್ಟು ಚಪ್ಪಲಿ ಸವೆಸಿದ್ದು ಅನಿಸುತ್ತದೆ. ಆದರೆ ಮಲ್ಲು ಅಲ್ಲಿ ಕಾಗದದ ಕವರು ಮಡಚುತ್ತಾನೆ, ಅಂಚಿಗೆ ಅಂಚು ಕೂಡಿಸಿ. ಬೆಳಿಗ್ಗೆ ತಾನೇ ಎದ್ದು ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಾನೆ, ಮತ್ತು ಈಗ ನಿಜವಾಗಿಯೂ ಹೊರಡುತ್ತಾನೆ. ಉಳಿದ ದಿನ ಏನು ಅಂತೀಯಾ? ಸಾವ್ಕಾರರು ಅವನನ್ನು ಮಾರುಕಟ್ಟೆಯ ಅಂಗಡಿಗೆ ಕರೆದೊಯ್ಯುತ್ತಾರೆ. ಹೌದು, ಅಂಗಡಿಗೆ. ಮೊದಲ ದಿನ ಹೆಬ್ಬಳ್ಳಿಯ ಕಡೆಯ ರೈತರೊಬ್ಬರು, "ಯಾರ್ರಿ ಸಾವ್ಕಾರ್ರ ಇಂವ?" ಅಂತ ಕೇಳಿದರಂತೆ. "ನನ್ನ ಮಗ ರೀ" ಅಂದೆ ಅಂತ ಅವರೇ ನನಗೆ ಹೇಳಿದರು. ಆಮೇಲೆ, "ಗಂಗಾ ಇದ್ದಾಗ ಅನ್ನಬೇಕಿತ್ರಿ" ಅಂದರು. ನಾನು ಹೌದು ಅಂದೆ. ಅವರ ಸಮಾಧಾನಕ್ಕೆಂದು ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.

ಪಲ್ಲವಿಯ ಹೆಸರು ಪಟ್ಟಿಯಲ್ಲಿ ಇನ್ನೂ ಏಳನೆಯದು. ಅವಳ ಪ್ರಮಾಣಪತ್ರವೂ ಬರುವ ತಿಂಗಳು ಮುಗಿಯುತ್ತದೆ. ನನ್ನವರು ಗದಗಿನ ನೌಕರಿಯಿಂದ ಭಾನುವಾರ ಮಾತ್ರ ಬರುವವರು, ಕಚೇರಿಗಳು ಭಾನುವಾರ ತೆರೆಯುವುದಿಲ್ಲ. ಇನ್ನೊಂದು ಸುತ್ತು ಒಬ್ಬಳೇ ತಿರುಗುವ ಶಕ್ತಿ ನನ್ನಲ್ಲಿಲ್ಲ ಅಂದುಕೊಂಡು ನಿನ್ನೆ ಸಂಜೆ ಕಾಗದಗಳ ಚೀಲವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೆ. ಆಗ ಫೋನು. "ರೇಣುಕಾ ಅವರ, ಪಲ್ಲವಿದು ಸರ್ಟಿಫಿಕೇಟ ಯಾವಾಗ ಮುಗೀತೈತ್ರಿ?" ಹೇಳಿದೆ. "ಹಂಗಾರ ಲಗೂ ಬೆನ್ನ ಹತ್ತೂಣ್ರಿ. ನೀವು ಒಬ್ಬಾಕಿನ ಹೋಗಬ್ಯಾಡ್ರಿ. ನನಗ ಈಗ ಯಾವ ಕಿಟಕ್ಯಾಗ ಯಾರ ಕೂಡ್ತಾರ ಎಲ್ಲಾ ಗೊತ್ತೈತಿ."

ಸೋಮವಾರ ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಹೊರಡುತ್ತೇವೆ, ಗಂಗಕ್ಕಾ. ಪಲ್ಲವಿ, ನಾನು, ಮಲ್ಲು, ಅವನ ಅಪ್ಪ.

ನಿನ್ನ ರೇಣು