ಹಿಂದಿನ ಎಡ ಚಕ್ರ

ಆಸ್ಲಾಕ್,

ನೀನು ಏಳುವ ಮೊದಲೇ ಪಟ್ಟಣದ ಬಸ್ಸಿಗೆ ಹೊರಟಿದ್ದೇನೆ. ಇವತ್ತು ನೀನು ಹೊಸದಾಗಿ ಕೊಂಡ ಹಳೇ ಹಿಮಗಾಡಿಯನ್ನು ಮುಟ್ಟಬೇಡ. ಹಿಮಸಾರಂಗದ ಹಿಂಡಿನ ಹತ್ತಿರ ಅಪ್ಪ ನಿನಗಾಗಿ ಕಾಯುತ್ತಿರುತ್ತಾರೆ, ನನಗೂ ಗೊತ್ತು. ಪಕ್ಕದ ಮನೆಯ ನಿಲ್ಲಾಸ್ ಮಧ್ಯಾಹ್ನ ಆ ಕಡೆಗೇ ಹೋಗುತ್ತಾನೆ. ಅವನ ಗಾಡಿಯಲ್ಲೇ ಹೋಗಿ ಕರೆದುಕೊಂಡು ಬಾ.

"ಹಳೇ ಗಾಡಿ ಅಂದ್ಮೇಲೆ ಸ್ವಲ್ಪ ಗುರುಗುಟ್ಟುತ್ತೆ, ಬಿಡಕ್ಕ" ಅಂತ ನಿನ್ನೆ ನಕ್ಕೆಯಲ್ಲ, ಆ ಸದ್ದು ನನ್ನ ಕಿವಿ ಬಿಟ್ಟು ಹೋಗಲೇ ಇಲ್ಲ. ಎಂಜಿನ್ ಹಾಕಿ ನಿಲ್ಲಿಸಿದಾಗ ಏನೂ ಇಲ್ಲ, ಗಾಡಿ ಓಡುವಾಗ ಮಾತ್ರ ಸೀಟೆಲ್ಲ ನಡುಗುತ್ತದೆ. ಹಾಗಾದರೆ ಎಂಜಿನ್ ಅಲ್ಲ. ಬೆಳಗ್ಗೆ ಹಿಂಭಾಗವನ್ನು ಎತ್ತಿ ನಿಲ್ಲಿಸಿ, ಅಡಿಯ ರಬ್ಬರ್ ಪಟ್ಟಿಯನ್ನು ಕೈಯಲ್ಲೇ ತಿರುಗಿಸಿ ನೋಡಿದೆ. ಪಟ್ಟಿಯೊಳಗಿನ ಹಿಂದಿನ ಎಡ ಚಕ್ರದ ಬೇರಿಂಗ್ ಪುಡಿಯಾಗಿದೆ. ಹೆಪ್ಪುಗಟ್ಟಿದ ಸರೋವರದ ನಡುವೆ ಅದು ಕಚ್ಚಿಕೊಂಡು ಗಾಡಿ ನಿಂತರೆ, ಆ ನೋವಿನ ಮೊಣಕಾಲು ಇಟ್ಟುಕೊಂಡು ಅಪ್ಪ ಮಂಜಿನ ಮೇಲೆ ನಡೆಯಬೇಕೇನೋ?

ಒಲೆಯ ಮೇಲೆ ಮಾಂಸದ ಸಾರಿದೆ, ಬಿಸಿ ಮಾಡಿಕೊಂಡು ತಿನ್ನು. ಬಸ್ಸಿಗೆ ಹೊತ್ತಾಯಿತು, ಆದರೂ ನನ್ನ ಕಾಲು ಬಾಗಿಲು ದಾಟುತ್ತಿಲ್ಲ. ಈ ಚೀಟಿ ಓದಿಯೂ ನೀನು ಗಾಡಿ ಹತ್ತುವವನೇ.

ಅದಕ್ಕೇ ಆ ಚಕ್ರವನ್ನೇ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಅಂಗಡಿಯಲ್ಲಿ ಹೊಸ ಬೇರಿಂಗ್ ಕೊಳ್ಳುವಾಗ ಅಳತೆ ತೋರಿಸುವುದಕ್ಕೂ ಆಯಿತು. ಬೈಯುವುದಿದ್ದರೆ ಸಂಜೆ ಅಪ್ಪನ ಎದುರಿಗೇ ಬೈಯಿ.

ಅಕ್ಕ ಮಾರಿತ್