ಬಿಸಿನೀರ ಬುಗ್ಗೆಯ ವಾಸನೆ

ಸಾಕಾಯಿ, ಒಸಾಕಾ
ಜುಲೈ ೯

ಪ್ರೀತಿಯ ಶುಹೇ,

ಉತ್ತರದ ಆ ಕುಶಿರೊದ ಮಂಜಿನಲ್ಲಿ ನಿನ್ನ ಕೆಮ್ಮು ಹೇಗಿದೆ? ರಾತ್ರಿ ಊಟಕ್ಕೆ ಬರೀ ಅಂಗಡಿಯ ಅನ್ನದುಂಡೆ ತಿನ್ನುತ್ತಿದ್ದೀಯೆಂದು ಗೊತ್ತು, ಸುಳ್ಳು ಹೇಳಬೇಡ. ಇಲ್ಲಿ ಮಳೆ ನಿಲ್ಲುವ ಲಕ್ಷಣವಿಲ್ಲ, ಒಗೆದ ಬಟ್ಟೆ ಒಣಗುತ್ತಿಲ್ಲ. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ.

ನಿನ್ನ ಕಂಪನಿ ನಿನ್ನೊಬ್ಬನನ್ನೇ ಅಲ್ಲಿಗೆ ಕಳಿಸಿದಾಗ ಆಡಿದ ಮಾತು ನೆನಪಿದೆಯಲ್ಲ? ಬ್ಯಾಟರಿಯಲ್ಲಿ ಬೆಂಕಿ ಹತ್ತುವ ದ್ರವದ ಬದಲು ಘನವಸ್ತು ಇಡುವ ನನ್ನ ಹುಚ್ಚು ಆಗಸ್ಟಿನ ಓಬೊನ್ ಹಬ್ಬದೊಳಗೆ ಕೈಗೂಡದಿದ್ದರೆ, ನಾನು ಕೆಲಸ ಬಿಟ್ಟು ನಿನ್ನಲ್ಲಿಗೆ ಬರುವುದು ಅಂತ. ಕಳೆದ ತಿಂಗಳು ಪೆಟ್ಟಿಗೆ ಕಟ್ಟುವ ಯೋಚನೆಯಲ್ಲೇ ಇದ್ದೆ. ಲಿಥಿಯಂ, ಗಂಧಕ ಸೇರಿದ ಪುಡಿಯನ್ನು ಗಟ್ಟಿಯಾಗಿ ಒತ್ತಿ ಬಿಲ್ಲೆ ಮಾಡುತ್ತೇವಲ್ಲ, ಅದರೊಳಗೆ ಬೆಳಿಗ್ಗೆ ಲಿಥಿಯಂ ಅಯಾನುಗಳು ದ್ರವದಲ್ಲಿ ಓಡಿದಷ್ಟೇ ಸಲೀಸಾಗಿ ಓಡುತ್ತಿದ್ದವು. ಸಂಜೆ ಅಳೆದರೆ ಕುಂಟುತ್ತಿದ್ದವು. ನಮ್ಮ ಮೇಲಧಿಕಾರಿ ಕುರಮೋಚಿಯವರು "ಬೆಳಗಿನ ಅಂಕಿ ಕನಸು ಕಣಮ್ಮಾ, ಮರೆತುಬಿಡು" ಅಂದರು. ಅವತ್ತು ಸ್ನಾನದ ತೊಟ್ಟಿಯಲ್ಲಿ ಕೂತು ಅತ್ತುಬಿಟ್ಟೆ.

ಮರುದಿನ ಸಂಜೆ ಮೆಟ್ಟಿಲ ಬಳಿ ಪಕ್ಕದ ಮನೆಯ ತಾನಿಗುಚಿ ಅಜ್ಜಿ ಸಿಕ್ಕಿದರು. ಮೂಗು ಮುಚ್ಚಿಕೊಂಡು, "ಏನೇ ಹುಡುಗಿ, ಗಂಡನ್ನ ಆ ಮೂಲೇಲಿ ಬಿಟ್ಟು ಒಬ್ಬಳೇ ಬಿಸಿನೀರ ಬುಗ್ಗೇಲಿ ಮಿಂದು ಬರ್ತೀಯಾ? ಮಳೆ ಬಂದಾಗೆಲ್ಲ ಗಂಧಕದ ನಾತ ಗಪ್ಪಂತ ಹೊಡಿಯತ್ತೆ!" ಎಂದರು. ನಗುತ್ತ ಒಳಗೆ ಬಂದವಳು ಚಪ್ಪಲಿ ಬಿಚ್ಚುತ್ತ ಹಾಗೇ ನಿಂತುಬಿಟ್ಟೆ. ಆ ವಾಸನೆ ಬರಬೇಕಾದರೆ ನನ್ನ ಪುಡಿಗೆ ತೇವ ತಗಲಿರಬೇಕು, ತೇವ ತಗಲಿದರೆ ಬಿಲ್ಲೆ ಸಂಜೆಯೊಳಗೆ ಕೆಡುತ್ತದೆ. ದಿನವಿಡೀ ಅದರಲ್ಲೇ ಇದ್ದು ನಮ್ಮ ಯಾರ ಮೂಗಿಗೂ ಅದು ಬಡಿಯುತ್ತಲೇ ಇರಲಿಲ್ಲ! ಮರುದಿನ ಪ್ರಯೋಗಾಲಯದಲ್ಲಿ ಹುಡುಕಿದರೆ, ಬಿಲ್ಲೆ ಇಟ್ಟು ಅಳೆಯುವ ಡಬ್ಬಿಯ ರಬ್ಬರ್ ಉಂಗುರ ಬಿರುಕುಬಿಟ್ಟಿತ್ತು. ಹಸಿ ಗಾಳಿ ಅಲ್ಲಿಂದ ನುಸುಳುತ್ತಿತ್ತು.

ಹೊಸ ಉಂಗುರ ಹಾಕಿದೆವು. ಈಗ ಬೆಳಗಿನ ಅಂಕಿ ಸಂಜೆಗೂ ಅದೇ, ವಾರ ಕಳೆದರೂ ಅದೇ. ಕುರಮೋಚಿಯವರು ಮತ್ತೆ ಮತ್ತೆ ಅಳೆಸಿ, ಕನ್ನಡಕ ಒರೆಸಿಕೊಂಡು, "ನಿನ್ನ ಕನಸೇ ನಿಜವಾಯ್ತಲ್ಲಮ್ಮಾ, ಇನ್ನು ಬ್ಯಾಟರಿ ಮಾಡೋಣ" ಅಂದರು. ಅಜ್ಜಿಗೆ ಒಂದು ಕಲ್ಲಂಗಡಿ ಕೊಟ್ಟು ಬಂದೆ. ಯಾಕೆಂದು ಅವರಿಗೆ ಇನ್ನೂ ತಿಳಿದಿಲ್ಲ. ನನಗಂತೂ ಹೇಳಲಾರದಷ್ಟು ಖುಷಿ, ಪಕ್ಕದಲ್ಲಿ ನೀನಿಲ್ಲದ್ದೊಂದೇ ಕೊರತೆ.

ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಮಲಗು. ನಿನ್ನ ಅಮ್ಮ ಆರಾಮವಾಗಿದ್ದಾರೆ, ನಿನ್ನ ವಿಚಾರ ಕೇಳಿದರು.

ನಿನ್ನವಳು,
ಚಿನಾತ್ಸು

ಮರೆತೆ: ಅಲ್ಲಿ ನಮ್ಮಿಬ್ಬರಿಗೆಂದು ನೋಡಿಟ್ಟ ದೊಡ್ಡ ಮನೆ ಬೇಡವೆಂದು ಹೇಳಿಬಿಡು. ನಾನು ಬರುವುದಿಲ್ಲ. ಈ ಸಲ ಇಲ್ಲಿಗೆ ವರ್ಗ ಕೇಳುವ ಸರದಿ ನಿನ್ನದು. ನಿನ್ನ ಚಪ್ಪಲಿ ಬಾಗಿಲ ಬಳಿ ಇಟ್ಟಿದ್ದೇನೆ, ಬಂದುಬಿಡು.