ಸುಧಾರಿಸಿದ ಶಾಲೆ

ಜುಲೈ 9, ಮಂಗಳವಾರ

ಹಿಂದುಳಿದ ಮಕ್ಕಳಿಗೆ ಓದು ಕಲಿಸುವ ವಿಶೇಷ ಶಿಕ್ಷಕಿ ನಾನು ಶಿಕ್ಷಣಾಧಿಕಾರಿಯಾಗಿರುವ ಈ ವಲಯಕ್ಕೆಲ್ಲ ಒಬ್ಬರೇ. ಗುಡ್ಡದ ಶಾಲೆಯ ಮಕ್ಕಳು ಈಗ ಸರಾಗವಾಗಿ ಓದುತ್ತಾರೆ. ಹಾಗಾಗಿ ಆ ಶಿಕ್ಷಕಿಯನ್ನು ಅಲ್ಲಿಂದ ತೆಗೆದು, ಮಕ್ಕಳು ಇನ್ನೂ ಓದಲು ತಡವರಿಸುವ ಕಾಲುವೆ ಶಾಲೆಗೆ ಹಾಕಿದೆ. ಇದರಲ್ಲಿ ತಪ್ಪೇನಿದೆ?

ಮಧ್ಯಾಹ್ನ ಗುಡ್ಡದ ಶಾಲೆಯ ಹೆಡ್‌ಮೇಡಂ ಕಚೇರಿಗೆ ಬಂದು ಕೂತರು. ಎಲ್ಲರಿಗೂ ಹೇಳುವ ಮಾತೇ ನನ್ನ ಬಾಯಿಗೆ ಬಂತು: "ಈ ವರ್ಷ ಹೇಗೋ ಸುಧಾರಿಸ್ಕೊಳ್ಳಿ ಮೇಡಂ."

"ಸುಧಾರಿಸಿದ್ದಕ್ಕೇ ತಾನೇ ಸರ್, ಟೀಚರನ್ನ ಕಿತ್ಕೊಂಡಿದ್ದು?" ಎಂದರು. ನಗಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. "ಕಾಲುವೆ ಶಾಲೆಯವರು ಜಾಣರಾದ್ರೆ ಮಕ್ಕಳಿಗೆ ಓದೋಕೇ ಕಲಿಸಲ್ಲ ಬಿಡಿ," ಎಂದು ಎದ್ದು ಹೋಗಿ ಮಲಗಿಬಿಟ್ಟಳು. ನನಗೆ ನಿದ್ದೆ ಹತ್ತುತ್ತಿಲ್ಲ.

ನಾಳೆ ಕಾಲುವೆ ಶಾಲೆಯವರು ಥ್ಯಾಂಕ್ಸ್ ಹೇಳಲು ಬರುತ್ತಾರೆ. ಬೇಗ ಸುಧಾರಿಸಿ ಎಂದು ಅವರಿಗೆ ಯಾವ ಬಾಯಲ್ಲಿ ಹೇಳಲಿ?